ಸುಭದ್ರಮ್ಮನ ಮೇಲೆ ಬಿದ್ದ ಇಂಗ್ಲಿಷ್ ಪದ

ಜನವರಿಯ ಮೊದಲ ಭಾನುವಾರ ಬೆಳಿಗ್ಗೆ ಸುಭದ್ರಮ್ಮ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು, ಮಗಳ ಮೊಬೈಲನ್ನು ನನ್ನ ಕನ್ನಡಕದ ಹತ್ತಿರಕ್ಕೆ ಹಿಡಿದಳು.

“ಅಕ್ಕೋರ, ಇದೊಂದು ಓದ್ರಿ. ಓದಿ ಖರೇ ಅರ್ಥ ಹೇಳ್ರಿ. ಸೌಂದರ್ಯಾನ ಕೇಳಿದ್ರ ‘ಭಾಳ ಮಾತಾಡೋರು’ ಅಂತ ಅರ್ಥ ಅಂತಾಳ. ಅಕಿ ಮಾರಿ ನೋಡಿದ್ರ ಗೊತ್ತಾಗ್ತದ, ಏನೋ ಮುಚ್ಚಿಡಾಕತ್ಯಾಳ.”

ಅವಳ ಊರಿನ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನಾನು ಹಲಸೂರಿನ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಕನ್ನಡ ಕಲಿಸಿ ನಿವೃತ್ತಳಾದವಳೆಂದು ತಿಳಿದ ದಿನದಿಂದ ಅವಳು ನನ್ನನ್ನು ಹಾಗೆಯೇ ಕರೆಯುತ್ತಾಳೆ.

ನಮ್ಮ ಮನೆ ಮರ್ಫಿ ಟೌನಿನ ಅಂಚಿನಲ್ಲಿದೆ. ಎದುರಿಗೆ ದಿವಂಗತ ಮುನಿವೆಂಕಟಪ್ಪನವರ ವಠಾರ. ಕೆಳಗೆ ಸಾಲಾಗಿ ಬಾಡಿಗೆ ಕೋಣೆಗಳು, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ, ಮಹಡಿಯ ಮೇಲೆ ಮುನಿವೆಂಕಟಪ್ಪನವರ ಹೆಂಡತಿ ಚಿಕ್ಕಮುನಿಯಮ್ಮನವರ ವಾಸ. ಇಂದಿರಾನಗರ ಎಂಬ ಹೆಸರು ಹುಟ್ಟುವುದಕ್ಕೆ ಮೊದಲು ಆ ಕಡೆಯ ಹೊಲಗಳಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಈಗ ಬಾಡಿಗೆಯ ವ್ಯವಹಾರವನ್ನೆಲ್ಲ ಮೊಮ್ಮಗಳು ಹಂಸ ನೋಡಿಕೊಳ್ಳುತ್ತಾಳೆ. ಅವಳೂ ನನ್ನ ಶಿಷ್ಯೆಯೇ.

ವಠಾರದವರ ವಾಟ್ಸಾಪ್ ಗುಂಪಿಗೆ ಹಂಸ ಇಂಗ್ಲಿಷಿನಲ್ಲಿ ಒಂದು ಸಂದೇಶ ಹಾಕಿದ್ದಳು. ಮೂರನೆಯ ಕೋಣೆಯ ಹೆಂಗಸು ಕ್ವಾರಲ್‌ಸಮ್ ಆಗಿರುವುದರಿಂದ ಅವರ ಹನ್ನೊಂದು ತಿಂಗಳ ಕರಾರನ್ನು ಮುಂದುವರಿಸುವುದಿಲ್ಲ, ಈ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡತಕ್ಕದ್ದು ಎಂದು ಅದರ ಸಾರಾಂಶ. ಖಾಲಿ ಮಾಡಬೇಕೆಂಬುದನ್ನು ಸೌಂದರ್ಯಾ ತಾಯಿಗೆ ಹೇಳಿದ್ದಳು. ಏಕೆಂದು ತಿಳಿಸುವ ಆ ಒಂದು ಪದವನ್ನು ಮಾತ್ರ ಮೆದು ಮಾಡಿ ಹೇಳಿದ್ದಳು.

“ಜಗಳಗಂಟಿ ಅಂತ ಅರ್ಥ” ಎಂದೆ.

ಸುಭದ್ರಮ್ಮ ಮೆಟ್ಟಿಲ ಮೇಲೆಯೇ ಕುಳಿತಳು. ಅಳಲಿಲ್ಲ, ಸಿಟ್ಟಾಗಲಿಲ್ಲ. ತೂಕದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡುವವಳಂತೆ ಮೊಬೈಲನ್ನು ಅಂಗೈಯಲ್ಲಿ ಆಡಿಸಿದಳು.

“ಜಗಳ ಆಡ್ತೀನಿ, ಖರೇ ಅದ. ಇಲ್ಲಂತ ಯಾರಂದ್ರು? ಅದನ್ನ ಇಂಗ್ಲಿಷಿನ್ಯಾಗ ಯಾಕ ಬರೀಬೇಕ್ರಿ? ನನ್ನ ಮುಂದ ನಿಂತು ಅಂದಿದ್ರ ನಾನs ಹೂಂ ಅಂತಿದ್ದೆ.”

“ಜಗಳ ಆಡೋದು ಬೇರೆ, ಆ ಪದ ಬೇರೆ ಸುಭದ್ರಮ್ಮ. ಒಂದು ಸಲ ಜ್ವರ ಬಂದವರನ್ನ ರೋಗಿಷ್ಠರು ಅಂತೀವಾ? ಹಾಗೆ. ಸದಾ ಜಗಳಕ್ಕೆ ಕಾಯ್ತಾ ಇರೋರು, ಅದೇ ಸ್ವಭಾವ ಇರೋರು ಅಂತ ಆ ಪದಕ್ಕೆ ಅರ್ಥ.”

“ಅಂದ್ರ ಅದು ನನ್ನ ರಕ್ತದಾಗs ಅದ ಅಂತ ಬರದಾಳ.”

“ಹಾಗೇ ಆಗತ್ತೆ.”

“ಬರೀಲಿ ಬಿಡ್ರಿ. ನನಗೇನು. ಈ ಹುಡುಗಿ ಪರೀಕ್ಷಾ ಮುಗಿಯೂ ತನಕಾರ ಇರಾಕ ಬಿಟ್ಟಿದ್ರ ಆಗ್ತಿತ್ತು.”

ಕಷ್ಟವಿದ್ದದ್ದು ಅಲ್ಲಿಯೇ. ಸೌಂದರ್ಯಾ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಮಾರ್ಚಿನಲ್ಲಿ ಪರೀಕ್ಷೆ. ಶಾಲೆ ಹಲಸೂರಿನಲ್ಲಿ, ನಡೆದುಹೋಗುವಷ್ಟು ಹತ್ತಿರ. ಅವಳ ತಂದೆ ಭಗವಂತರಾಯ ಗಾರೆ ಕೆಲಸದವನು, ಕೆ.ಆರ್. ಪುರದ ಆಚೆ ಕಟ್ಟಡ ಏಳುತ್ತಿರುವಲ್ಲಿಯೇ ಶೆಡ್ಡಿನಲ್ಲಿ ಉಳಿದು ವಾರಕ್ಕೊಮ್ಮೆ ಬರುತ್ತಿದ್ದ. ಈ ಕೋಣೆ ಬಿಟ್ಟರೆ ಅವರಿಗೆ ಸಿಗುತ್ತಿದ್ದದ್ದು ಅಲ್ಲೆಲ್ಲೋ ಒಂದು ಕೋಣೆ. ಅಲ್ಲಿಂದ ಬೆಳಿಗ್ಗೆ ಬಸ್ಸು ಹಿಡಿದು ಸೇತುವೆಯ ಟ್ರಾಫಿಕ್ಕು ದಾಟಿ ಶಾಲೆಗೆ ಬರುವುದರಲ್ಲಿ ಹುಡುಗಿಯ ಓದಿನ ಹೊತ್ತೆಲ್ಲ ರಸ್ತೆಗೆ ಹೋಗುತ್ತಿತ್ತು. ಓದಿನಲ್ಲಿ ಚುರುಕಿನ ಹುಡುಗಿ. ಅವಳ ತಾಯಿ ಅಕ್ಷರ ಕಲಿತವಳಲ್ಲ. ಮಗಳ ಪುಸ್ತಕಗಳಿಗೆ ಮಾತ್ರ ತಾನೇ ರಟ್ಟು ಹಾಕುತ್ತಾಳೆ, ಒಂದೂ ಸುಕ್ಕಿಲ್ಲದಂತೆ.

ಸುಭದ್ರಮ್ಮನ ಕತೆ ನನಗೆ ತಿಳಿದದ್ದು ಚೂರುಚೂರಾಗಿ. ಶಹಾಪುರದ ಕಡೆಯ ಹಳ್ಳಿ. ಮದುವೆಯಾದ ಮರುವರ್ಷವೇ ಗಂಡನೊಂದಿಗೆ ಬೆಂಗಳೂರಿಗೆ ಬಂದು ತಲೆಯ ಮೇಲೆ ಜಲ್ಲಿ ಹೊತ್ತವಳು. ಸಿ.ವಿ. ರಾಮನ್ ನಗರದ ಹತ್ತಿರದ ಒಂದು ದೊಡ್ಡ ಕಚೇರಿಯ ಕಟ್ಟಡಕ್ಕೆ ಅವಳೇ ಸಿಮೆಂಟು ಹೊತ್ತಿದ್ದಳು. ಈಗ ಅದೇ ಕಟ್ಟಡದ ನಾಲ್ಕನೆಯ ಅಂತಸ್ತನ್ನು ನೀಲಿ ಸಮವಸ್ತ್ರ ತೊಟ್ಟು ಒರೆಸುತ್ತಾಳೆ. “ನಾ ಹೊತ್ತ ಕಲ್ಲು ನಾನs ಒರಸ್ತೀನ್ರಿ” ಎಂದು ಒಮ್ಮೆ ನಕ್ಕಿದ್ದಳು. ಬೆಳಿಗ್ಗೆ ಹೊರಟರೆ ಮನೆಗೆ ಮರಳುವ ಹೊತ್ತಿಗೆ ಬೀದಿದೀಪ ಹತ್ತಿರುತ್ತದೆ.

ಜಗಳದ ವಿಷಯಕ್ಕೆ ಬಂದರೆ, ಅವಳು ಜಗಳವಾಡದ ಮನುಷ್ಯರು ನಮ್ಮ ಬೀದಿಯಲ್ಲಿ ಕಡಿಮೆ. ಬಸ್ಸು ನಿಲ್ಲಿಸದ ಚಾಲಕನೊಡನೆ, ಮೇಸ್ತ್ರಿಯೊಡನೆ, ರಸೆಲ್ ಮಾರುಕಟ್ಟೆಯಲ್ಲಿ ಮೇಲೆ ಒಳ್ಳೆಯ ಬದನೆಕಾಯಿ ಜೋಡಿಸಿ ಕೆಳಗಿನಿಂದ ಹುಳುಕು ತೂಗುವವನೊಡನೆ, ಕಸದ ಗಾಡಿಯವನೊಡನೆ. ಅವಳ ದನಿಯೂ ದೊಡ್ಡದು. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಮಾತಾಡಿ ಬೆಳೆದ ದನಿ, ಇಲ್ಲಿ ಹತ್ತು ಅಡಿಯ ಗೋಡೆಗಳ ನಡುವೆ ಸಿಕ್ಕಿಕೊಂಡಿದೆ. “ಊಟ ಆಯ್ತೇನ್ರಿ” ಎಂದು ಅವಳು ಕೇಳಿದರೂ ಹೊಸಬರು ಬೆಚ್ಚಿ ಬೀಳುತ್ತಾರೆ. ಅದಕ್ಕೆಂದು ಅವಳ ಜಗಳಗಳೆಲ್ಲ ಬರೀ ದೊಡ್ಡ ದನಿಯ ಮಾತುಗಳೆಂದು ನಾನು ಹೇಳುವುದಿಲ್ಲ. ಅವು ನಿಜವಾದ ಜಗಳಗಳೇ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಎದುರಿನವರ ಮೂರು ತಲೆಮಾರನ್ನು ವಿಚಾರಿಸಿ ಆಡುವ ಜಗಳಗಳು. ಕಾವೇರಿ ನೀರು ಬಂದ ಬೆಳಿಗ್ಗೆ ಪಕ್ಕದ ಕೋಣೆಯ ಉಮ್ಮೆ ಕುಲ್ಸುಂ ಅವರ ಕೊಡವನ್ನು ಯಾರೋ ಸರದಿಯಿಂದ ಹಿಂದಕ್ಕೆ ಸರಿಸಿದ್ದರು. ಹೊಲಿಗೆ ಕೆಲಸದ ಆ ಹೆಂಗಸು ಬಾಯಿಯೇ ಬಿಡುವುದಿಲ್ಲ. ಸುಭದ್ರಮ್ಮ ಬಾಯಿಬಿಟ್ಟಳು. ಆ ದಿನ ನಮ್ಮ ಬೀದಿಗೆ ಗಡಿಯಾರದ ಅಲಾರಂ ಬೇಕಾಗಲಿಲ್ಲ.

ಅವಳು ಹೊರಟುಹೋದ ಮೇಲೆ ನಾನು ಆ ಪದದ ಬಗೆಗೇ ಯೋಚಿಸುತ್ತ ಕುಳಿತೆ. ಎಷ್ಟೋ ತಂಡದ ಮಕ್ಕಳಿಗೆ ಅದನ್ನು ಕಲಿಸಿದ್ದೇನೆ. ಪಾಠಗಳಲ್ಲಿ ಅದು ಗುಬ್ಬಚ್ಚಿಗಳಿಗೆ, ಅಣ್ಣತಮ್ಮಂದಿರಿಗೆ, ನೆರೆಮನೆಯವರಿಗೆ ವಿಶೇಷಣವಾಗಿ ಬರುತ್ತಿತ್ತು. ಅರ್ಥವೇನೋ ನಿಘಂಟಿನಲ್ಲಿ ಸಿಗುತ್ತದೆ; ಪ್ರಯೋಗವನ್ನು ಬೀದಿಯಲ್ಲಿ ಕೇಳಿಯೇ ತಿಳಿಯಬೇಕು. ಕೇಳಿದಷ್ಟರಲ್ಲಿ ನನಗೆ ತೋರಿದ್ದು, ಈ ಪದ ಯಾವಾಗಲೂ ಮಹಡಿಯಿಂದ ಕೆಳಕ್ಕೇ ಬೀಳುತ್ತದೆ, ಕೆಳಗಿನಿಂದ ಮೇಲಕ್ಕೆ ಹತ್ತುವುದಿಲ್ಲ. ಮೇಲಧಿಕಾರಿ ಕೂಗಾಡಿದರೆ ಕಟ್ಟುನಿಟ್ಟಿನವನೆನ್ನುತ್ತೇವೆ. ಮನೆಯ ಮಾಲೀಕ ಕೂಗಾಡಿದರೆ ಸ್ವಲ್ಪ ಮುಂಗೋಪಿ ಎಂದು ಸುಮ್ಮನಾಗುತ್ತೇವೆ. ಅದೇ ಮಾತನ್ನು ಬಾಡಿಗೆಯವಳು ಆಡಿದರೆ ಅವಳು ಕ್ವಾರಲ್‌ಸಮ್. ಕನ್ನಡವೂ ಈ ವಿಷಯದಲ್ಲಿ ಹೆಚ್ಚು ದಯೆ ತೋರಿಸಿಲ್ಲ. ಗಯ್ಯಾಳಿ, ಬಜಾರಿ ಎಂಬ ಮಾತುಗಳಿಗೆ ಪುಲ್ಲಿಂಗವನ್ನು ನಾನು ಇದುವರೆಗೆ ಕೇಳಿಲ್ಲ.

ಆದರೂ ನನಗೊಂದು ಸಂದೇಹವಿತ್ತು. ಚಿಕ್ಕಮುನಿಯಮ್ಮ ಮಾತಿಗೆ ಹೆದರುವವರಲ್ಲ. ವಠಾರ ನಡೆಸಿದವರಿಗೆ ಜಗಳ ಹೊಸದೂ ಅಲ್ಲ. ಕೂಗಾಡಿದಳೆಂದು ಪರೀಕ್ಷೆಯ ಹುಡುಗಿಯನ್ನು ಹೊರಗೆ ಹಾಕುವಷ್ಟು ಕಲ್ಲುಮನಸ್ಸಿನವರೂ ಅಲ್ಲ. ಕೇಳಿಯೇ ನೋಡೋಣವೆಂದು ಮಧ್ಯಾಹ್ನದ ಊಟವಾದ ಮೇಲೆ ಮಹಡಿ ಹತ್ತಿದೆ.

ಅವರೆಕಾಯಿಯ ಕಾಲ. ಆಕೆ ವರಾಂಡದಲ್ಲಿ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಒಂದೊಂದೇ ಕಾಳನ್ನು ಬೆರಳಲ್ಲಿ ಹಿದುಕುತ್ತಿದ್ದರು. ಬೇಳೆ ಒಂದು ತಟ್ಟೆಗೆ, ಸಿಪ್ಪೆ ಒಂದು ಬಕೆಟ್ಟಿಗೆ.

“ಬನ್ನಿ ಟೀಚರಮ್ಮ, ಕುಂತ್ಕೊಳ್ಳಿ. ಕೈ ಖಾಲಿ ಐತಲ್ಲ, ಒಂದಿಷ್ಟು ಹಿದುಕಿ. ಸಾರು ಕಳುಸ್ತೀನಿ.”

ನಾನು ಕುಳಿತು ಹಿದುಕುತ್ತ ಸುಭದ್ರಮ್ಮನ ಮಾತೆತ್ತಿದೆ. ಆಕೆಯ ಬೆರಳು ನಿಂತಿತು.

“ಅವ್ಳ ಪರವಾಗಿ ಬಂದ್ರಾ? ನೋಡಿ, ನಂಗೆ ಕೋಪ ಜಗ್ಳಕ್ಕಲ್ಲ. ನಾನೇನ್ ಬಾಯಿಲ್ದೋಳಾ? ಅವ್ರೆ ಸಿಪ್ಪೆ ಬಚ್ಚಲಿಗೆ ಹೋಗಿ ಕೆಳಗಡೆ ಮೋರಿ ಕಟ್ಕೊಂತು ಅಂತ ಡಿಸೆಂಬರ್‌ನಲ್ಲಿ ಕಿರ್ಚಾಡಿದ್ಲು. ನಾನೂ ಕಿರ್ಚಿದೆ. ಅಲ್ಲಿಗೆ ಆಯ್ತು ಅನ್ಕೊಂಡೆ.”

“ಆಮೇಲೆ?”

“ಆಮೇಲೇನು! ಸಂಜೆ ದೀಪ ಹಚ್ಚಿ ಕೈ ಮುಗ್ದು ಕುಂತಿದೀನಿ, ಬಾಗಿಲ್ಗೆ ಬಂದು ನಿಂತ್ಕೊಂಡ್ಲು. ಕೈಯಲ್ಲಿ ಬಟ್ಲು. ‘ಅಮ್ಮಾರ, ಒಂದೀಟು ಹೆಪ್ಪ ಕೊಡ್ರಿ’ ಅಂತಾಳೆ! ದೀಪ ಹಚ್ಚಿದ್ಮೇಲೆ ಉಪ್ಪು, ಹೆಪ್ಪು ಯಾರಾದ್ರೂ ಮನೆಯಿಂದಾಚೆ ಕೊಡ್ತಾರಾ ಟೀಚರಮ್ಮ? ಅದೂ ಬೆಳಿಗ್ಗೆ ಮೋರಿ ಮುಂದೆ ನಿಂತು ಮಾತಾಡಿದ್ ಬಾಯಲ್ಲಿ! ಇಲ್ಲ ಹೋಗು ಅಂದೆ. ಮಾರನೇ ದಿನ ಮತ್ತೆ ಸಿಪ್ಪೆ ಅಂತ ಶುರು ಮಾಡಿದ್ಲು. ಸಂಜೆ ಮತ್ತೆ ಬಟ್ಲು! ಹಿಂಗೇ ಸಂಕ್ರಾಂತಿ ಹತ್ರ ಬಂತು.”

“ಮನೇಲಿ ಮೊಸರು ಇರ್ಲಿಲ್ವೇನೋ.”

“ಐತೆ! ಅದೇ ಹೇಳ್ತಿರೋದು. ಅವ್ಳ ಕಿಟಕಿ ಮೇಲೆ ಗಡಿಗೆ ತುಂಬ ಮೊಸರು ಐತೆ, ನಾನೇ ಕಣ್ಣಾರೆ ನೋಡಿದೀನಿ. ಇದ್ದೂ ಕೇಳ್ತಾಳೆ ಅಂದ್ರೆ ಏನರ್ಥ ಹೇಳಿ. ನಮ್ಮನೆ ಲಕ್ಷ್ಮಿನ ಬಟ್ಲಲ್ಲಿ ಹಾಕ್ಕೊಂಡ್ ಹೋಗಾಕೆ ಬತ್ತಾಳೆ. ನಾನು ಇವನ್ನೆಲ್ಲ ಹಂಸಂಗೆ ಹೇಳಾಕೋದ್ರೆ ನಗ್ತಾಳೆ. ಅದ್ಕೆ ಜಗಳಗಂಟಿ, ಬಿಡಿಸ್ಬಿಡು ಅಂತ ಅಷ್ಟೇ ಹೇಳ್ದೆ.”

ಹಂಸ ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಗುಂಪಿಗೆ ಹಾಕಿದ್ದಳು. ಹೆಪ್ಪಿನ ಮಾತು ಸಂದೇಶದವರೆಗೆ ಬಂದಿರಲಿಲ್ಲ.

ನನಗೂ ಆ ಹೆಪ್ಪು ಅರ್ಥವಾಗಲಿಲ್ಲ. ಮಹಡಿಯಿಂದ ಇಳಿದು ನೇರವಾಗಿ ಮೂರನೆಯ ಕೋಣೆಗೆ ಹೋದೆ. ಸುಭದ್ರಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಸೌಂದರ್ಯಾ ಗೋಡೆಯ ಕಡೆ ಮುಖ ಮಾಡಿ ಸಮಾಜ ವಿಜ್ಞಾನ ಓದುತ್ತಿದ್ದಳು. ಓದುತ್ತಿದ್ದಳೋ, ಅಳುತ್ತಿದ್ದಳೋ, ಬೆನ್ನಿನಿಂದ ಗೊತ್ತಾಗುವಂತಿರಲಿಲ್ಲ.

“ಸುಭದ್ರಮ್ಮ, ಮನೇಲಿ ಮೊಸರು ಇಟ್ಕೊಂಡು ಮೇಲಿನಮ್ಮನ ಹತ್ರ ದಿನಾ ಹೆಪ್ಪು ಯಾಕೆ ಕೇಳ್ತೀಯಾ?”

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು. ನೀರು ಏಕೆ ಕುಡಿಯುತ್ತೀಯೆ ಎಂದು ಕೇಳಿದಂತಾಗಿರಬೇಕು.

“ಜಗಳ ಆಗಿತ್ತಲ್ರಿ, ಮತ್ತ!”

“ಆದ್ರೆ?”

“ನಮ್ಮ ಓಣ್ಯಾಗ ಹಂಗs ರೀ. ಜಗಳ ಆದ ದಿನ ಹೊತ್ತು ಮುಳುಗೂದ್ರೊಳಗ ಅವರ ಮನಿಗಿ ಹೋಗಿ ಹೆಪ್ಪ ಕೇಳ್ಬೇಕು. ಅವರು ಕೊಟ್ರಂದ್ರ ಮುಗೀತು. ಆ ಹೆಪ್ಪ ಹಾಕಿ ಹಾಲು ಮುಚ್ಚಿಟ್ರ, ಮುಂಜಾನಿ ಆ ಮೊಸರು ಉಂಡು ಮತ್ತ ಮಾತಾಡ್ಬೇಕು. ನಮ್ಮವ್ವ ಜಗಳ ಒಳಗಿಟ್ಕೊಂಡು ಒಂದು ರಾತ್ರಿನೂ ಮಲಗಿದಾಕಿ ಅಲ್ಲ. ಇಲ್ಲಿ ನನಗ ಡ್ಯೂಟಿ ಬಿಡೂದs ಕತ್ತಲಾದ ಮ್ಯಾಲ. ಏನ್ ಮಾಡ್ಲಿ? ತಡ ಆದ್ರೂ ಆಗ್ಲಿ ಅಂತ ಹೋಗ್ತಿದ್ದೆ.”

“ಅವರು ಕೊಡಲಿಲ್ಲ.”

“ಕೊಡ್ಲಿಲ್ಲಂದ್ರ ಅವರ ಹೊಟ್ಯಾಗ ಇನ್ನೂ ಮಾತು ಉಳದಾವ ಅಂತ. ಮರುದಿನ ನಾವs ಹೋಗಿ ಆ ಮಾತು ಮತ್ತ ತಗೀಬೇಕು, ಅವರು ಎಲ್ಲಾ ಹೊರಗ ಹಾಕ್ಲಿ ಅಂತ. ನಾ ದಿನಾ ಸಿಪ್ಪಿ ಸುದ್ದಿ ತಗದೆ. ಅಮ್ಮಾರ ಸಿಟ್ಟು ತೀರವಲ್ದು! ಎಷ್ಟ್ ಮಾತು ಇಟ್ಕೊಂಡಾರೋ ಮಾರಾಯ್ತಿ ಅಂತ ನನಗs ದಣಿವಾತು.”

ಪಕ್ಕದ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಉಮ್ಮೆ ಕುಲ್ಸುಂ ನಕ್ಕರು. “ಸಚ್ ಟೀಚರ್, ನನ್ ಹತ್ರಾನೂ ಬಂದ್ರು. ಬೆಳಿಗ್ಗೆ ಬಟ್ಟೆ ಹಗ್ಗಕ್ಕೆ ಝಗಡಾ, ಸಂಜೆ ದಹೀಗೆ ಬಟ್ಲು. ನಂಗೆ ಏನ್ ಗೊತ್ತು, ಪಾಪ ಇಲ್ವೇನೋ ಅಂತ ಕೊಟ್ಬಿಟ್ಟೆ.”

“ಅದಕ್ಕs ನಮ್ಮಿಬ್ಬರ ಜಗಳ ಅವತ್ತs ಮುಗೀತು” ಎಂದಳು ಸುಭದ್ರಮ್ಮ, ಸಾಕ್ಷಿ ಸಿಕ್ಕವಳಂತೆ.

“ಇದನ್ನ ಚಿಕ್ಕಮುನಿಯಮ್ಮನವರಿಗೆ ಒಂದು ಮಾತು ಬಿಡಿಸಿ ಹೇಳಬಾರದಿತ್ತಾ?”

“ಹೇಳಿ ಕೇಳಿದ್ರ ಅದು ಹೆಪ್ಪ ಕೇಳಿದಂಗ ಆಗಂಗಿಲ್ರಿ ಅಕ್ಕೋರ, ತಪ್ಪಾತು ಅಂದಂಗ ಆಗ್ತದ. ತಪ್ಪು ನನ್ನದಿದ್ರ ಅಂತಿದ್ದೆ. ಬಚ್ಚಲಕ್ಕ ಸಿಪ್ಪಿ ಹಾಕಿದಾಕಿ ನಾನೇನು?”

ನಾನು ಅಲ್ಲಿಯೇ ಅವಳ ಹಾಸಿಗೆಯ ಸುರುಳಿಯ ಮೇಲೆ ಕುಳಿತೆ. ನಾಲ್ಕು ವಾರಗಳಿಂದ ಕೆಳಗಿನವಳು ಒಂದೇ ಜಗಳವನ್ನು ಮುಗಿಸಲು ಮೆಟ್ಟಿಲು ಹತ್ತುತ್ತಿದ್ದಳು. ಮೇಲಿನವರು ಅವಳು ಮನೆಯ ಭಾಗ್ಯ ಕದಿಯಲು ಬರುತ್ತಿದ್ದಾಳೆಂದು ಬಾಗಿಲು ಹಾಕುತ್ತಿದ್ದರು. ಇಬ್ಬರೂ ತಮ್ಮ ತಮ್ಮ ತಾಯಂದಿರು ಹೇಳಿಕೊಟ್ಟಂತೆಯೇ ನಡೆದುಕೊಂಡಿದ್ದರು. ಆ ಇಂಗ್ಲಿಷ್ ಪದ ಮಾತ್ರ ಇವರಿಬ್ಬರ ನಡುವೆ ಬಂದು, ನಡೆದದ್ದನ್ನು ಬಿಟ್ಟು, ಒಬ್ಬಳ ಸ್ವಭಾವವನ್ನು ಬರೆದುಹಾಕಿತ್ತು.

“ಏಳು, ಬಿಸಿಲು ಇನ್ನೂ ಇದೆ. ಈಗಲೇ ಮೇಲೆ ಹೋಗೋಣ” ಎಂದೆ.

ಸೌಂದರ್ಯಾ ಪುಸ್ತಕ ಮುಚ್ಚಿ ಎದ್ದಳು. “ಮಿಸ್, ಅವ್ವ ಮಾತಾಡೋದು ಬೇಡ. ನೀವೇ ಮಾತಾಡಿ. ಪ್ಲೀಸ್.”

“ನೋಡ್ರಿ, ಹೊಟ್ಯಾಗ ಹುಟ್ಟಿದಾಕಿ!” ಎಂದಳು ತಾಯಿ. ಆದರೂ ಮೆಟ್ಟಿಲು ಹತ್ತುವಾಗ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು.

ಮೇಲೆ ಹಂಸ ಮನೆಯಲ್ಲಿದ್ದಳು. ನಾನು ಇಬ್ಬರ ಕತೆಯನ್ನೂ ಮೊದಲಿನಿಂದ ಹೇಳಿದೆ. ಚಿಕ್ಕಮುನಿಯಮ್ಮ ಬಾಯಿ ತೆರೆದವರು ಮುಚ್ಚಲಿಲ್ಲ. ಹಂಸ ಮೊದಲು ನಕ್ಕಳು, ಆಮೇಲೆ ಮುಖ ಗಂಭೀರ ಮಾಡಿಕೊಂಡಳು.

“ಮಿಸ್, ಅಜ್ಜಿ ನಂಗೆ ಇಷ್ಟೆಲ್ಲಾ ಹೇಳ್ಲೇ ಇಲ್ಲ. ಜಗಳಗಂಟಿ ಅಂದ್ರು, ನಾನು ಟೈಪ್ ಮಾಡ್ದೆ. ಅದು ರಾಂಗ್ ವರ್ಡಾ?”

“ಪದ ತಪ್ಪಿಲ್ಲಮ್ಮ. ಅದು ಮನುಷ್ಯರ ಮೇಲೆ ಅಂಟಿಸೋ ಪದ. ಒಂದು ಸಲ ಅಂಟಿಸಿದ್ರೆ ಯಾವ ವಿಷಯಕ್ಕೆ ಜಗಳ, ಯಾರು ಸರಿ, ಮುಗೀತೋ ಇಲ್ವೋ, ಯಾವುದನ್ನೂ ಕೇಳಬೇಕಾಗಿಲ್ಲ. ಮೋರಿ ಕಟ್ಟಿದೆ ಅಂತ ಗಲಾಟೆ ಆಯ್ತು ಅಂತ ಬರೆದಿದ್ರೆ, ಓದಿದವರು ಮೊದಲು ಮೋರಿ ಕಡೆ ನೋಡ್ತಿದ್ರು.”

“ಆದ್ರೆ ಮಿಸ್, ಎಂಟನೇ ಕ್ಲಾಸಲ್ಲಿ ನೀವೇ ಅಲ್ವಾ ಇಡೀ ವಾಕ್ಯಾನ ಒಂದೇ ಪದದಲ್ಲಿ ಹೇಳಿ ಅಂತ ಟೆಸ್ಟ್ ಕೊಡ್ತಾ ಇದ್ದಿದ್ದು? ಫುಲ್ ಮಾರ್ಕ್ಸ್ ಬರ್ತಿತ್ತು ನಂಗೆ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಕೆಲಸ ಆಯಿತೆಂದೇ ಎಣಿಸಿದ್ದೆ. ಹಂಸ ಮೊಬೈಲು ಕೈಗೆ ತೆಗೆದುಕೊಂಡು ಹೇಳಿದಳು:

“ಓಕೆ, ಹಿಂಗೆ ಮಾಡೋಣ. ಆಂಟಿ, ನೀವು ಇನ್ಮೇಲೆ ಇಲ್ಲಿ ಯಾರ ಹತ್ರಾನೂ ಜಗಳ ಮಾಡಲ್ಲ ಅಂತ ಪ್ರಾಮಿಸ್ ಮಾಡಿ. ನಾನು ಮೆಸೇಜ್ ಡಿಲೀಟ್ ಮಾಡಿ ಅಗ್ರಿಮೆಂಟ್ ರಿನ್ಯೂ ಮಾಡ್ತೀನಿ. ಸಿಂಪಲ್.”

ನ್ಯಾಯವಾದ ಮಾತೆಂದೇ ನನಗೂ ತೋರಿತು. ಸೌಂದರ್ಯಾ ತಾಯಿಯ ಕೈ ಹಿಂಡಿದಳು. ಹೂಂ ಎಂದುಬಿಟ್ಟರೆ ಮಾರ್ಚಿನವರೆಗೆ ಅಲ್ಲ, ಇನ್ನೊಂದು ಹನ್ನೊಂದು ತಿಂಗಳವರೆಗೆ ಕೋಣೆ ಅವರದು.

ಸುಭದ್ರಮ್ಮ ಬಾಯಿಯ ಮೇಲಿನ ಸೆರಗು ತೆಗೆದಳು.

“ಆಗಂಗಿಲ್ಲವ್ವ.”

“ಅವ್ವಾ!” ಎಂದಳು ಸೌಂದರ್ಯಾ.

“ಸುಮ್ನಿರs. ಇವತ್ತು ಹೂಂ ಅಂತೀನಿ. ನಾಳಿ ನೀರು ಬಂದಾಗ ಯಾರರ ಆ ಕುಲ್ಸುಂನ ಕೊಡ ಹಿಂದ ಇಟ್ರ ನಾ ಸುಮ್ನ ನಿಂದ್ರಾಕಿ ಏನು? ಬಾಯಿ ತಗೀತೀನಿ. ಮಾತು ಕೊಟ್ಟು ಮುರದಂಗಾತು. ಅಕ್ಕೋರ, ಕೊಟ್ಟ ಮಾತು ಮುರಿಯೋರಿಗಿ ಇಂಗ್ಲಿಷಿನ್ಯಾಗ ಏನಂತಾರ್ರಿ? ಅದು ಇದಕ್ಕಿಂತ ಚಲೋ ಪದ ಏನು?”

ಅಲ್ಲ ಎಂದು ತಲೆಯಾಡಿಸಿದೆ.

“ಹಂಗಾರ ನನಗ ಮೊದಲಿನ ಪದಾನs ಇರ್ಲಿ. ಅದಾರ ಖರೇ ಅದ. ಸುಳ್ಳ ಮಾತು ಕೊಟ್ಟು ಮನಿ ಇಟ್ಕೊಳ್ಳಂಗಿಲ್ಲ.”

ಹುಡುಗಿ ಕೈ ಬಿಡಿಸಿಕೊಂಡು ವರಾಂಡದ ಕಂಬಿಯ ಹತ್ತಿರ ಹೋಗಿ ನಿಂತಳು. ಹಂಸ ನನ್ನ ಮುಖ ನೋಡಿದಳು. ಜೀವನದಲ್ಲಿ ಎಷ್ಟೋ ಮಕ್ಕಳಿಂದ ‘ಇನ್ನು ಮೇಲೆ ಮಾಡುವುದಿಲ್ಲ ಮಿಸ್’ ಎಂಬ ಮಾತನ್ನು ಪಡೆದಿದ್ದೇನೆ. ಅದನ್ನು ಕೊಡಲಾರೆನೆಂದು ಮುಖಕ್ಕೆ ಹೇಳಿದವರನ್ನು ಅದುವರೆಗೆ ಕಂಡಿರಲಿಲ್ಲ.

ಅಷ್ಟು ಹೊತ್ತೂ ಚಿಕ್ಕಮುನಿಯಮ್ಮ ಕಾಳು ಹಿದುಕುವುದನ್ನು ನಿಲ್ಲಿಸಿರಲಿಲ್ಲ. ಈಗ ಕೈ ಒರೆಸಿಕೊಂಡರು.

“ಹಂಸ, ಆ ಫೋನ್ ಇಡು ಅತ್ಲಾಗೆ. ಪ್ರಾಮಿಸ್ಸಂತೆ ಪ್ರಾಮಿಸ್ಸು. ಐದ್ನೇ ರೂಮೋರು ಎರಡ್ ವರ್ಷ ಕಮಕ್ ಕಿಮಕ್ ಅನ್ದಂಗೆ ಇದ್ರು. ಗೋಡೆ ನೀರ್ ಕುಡ್ದು ಕುಡ್ದು ಬಿದ್ದೋಗೋವರ್ಗೂ ಒಂದ್ ಮಾತ್ ಹೇಳ್ಲಿಲ್ಲ ಪುಣ್ಯಾತ್ಮರು.” ಆಮೇಲೆ ಸುಭದ್ರಮ್ಮನ ಕಡೆ ತಿರುಗಿದರು. “ಏನಮ್ಮಿ, ಮೋರಿ ಈಗ್ಲೂ ಕಟ್ಕೊಂಡೈತಾ?”

“ಅದ ರೀ. ನಿನ್ನಿನೂ ಕೋಲು ಹಾಕೀನಿ.”

“ಸಿಪ್ಪೆ ನಾನೇ ಹಾಕಿದ್ದು. ಬಚ್ಚಲಲ್ಲಿ ತೊಳ್ದೆ, ಹೋಯ್ತದೆ ಅನ್ಕೊಂಡೆ. ಈಗ ಬಕೆಟ್‌ಗೆ ಹಾಕ್ತಿಲ್ವಾ, ನೋಡು.” ಬಕೆಟ್ಟನ್ನು ಕಾಲಿನಿಂದ ಮುಂದಕ್ಕೆ ಸರಿಸಿದರು. “ಆದ್ರೆ ಒಂದ್ ಹೇಳ್ತೀನಿ ಕೇಳು. ದೀಪ ಹಚ್ಚಿದ್ಮೇಲೆ ನನ್ ಕೈಯಿಂದ ಹೆಪ್ಪು ಬರಾಕಿಲ್ಲ. ನಮ್ಮತ್ತೆ ಕೊಟ್ಟಿಲ್ಲ, ನಾನೂ ಕೊಡಾಕಿಲ್ಲ. ನೀನು ಬೆಳಿಗ್ಗೆ ಬಾ.”

“ಬೆಳತನಕ ಜಗಳ ಇಟ್ಕೊಂಡು ಹೆಂಗ ಮಲಗ್ಲಿ ಅಮ್ಮಾರ? ಜಗಳ ಮಲಗಿಸಿದ್ರ ಬೆಳಿತದ.”

“ನಿನ್ ಹತ್ರ ಯಾಕ್ ಇಟ್ಕೊತೀಯಾ? ನಮ್ಮನೇಲೇ ಬಿಟ್ಟೋಗು. ಒಂದ್ ರಾತ್ರಿ ನಮ್ಮನೇಲಿ ಮಲಗಿರ್ಲಿ. ಇಷ್ಟು ದೊಡ್ ಮನೆ, ನಾವಿಬ್ರೇ ಇರೋದು. ಬೆಳೆದ್ರೆ ನಾನ್ ನೋಡ್ಕೊತೀನಿ.”

ಸುಭದ್ರಮ್ಮ ಬಹಳ ಹೊತ್ತು ಯೋಚಿಸಿದಳು. ಕರಾರಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗಲೂ ಅವಳು ಅಷ್ಟು ಯೋಚಿಸಿರಲಿಕ್ಕಿಲ್ಲ.

“ಮುಂಜಾನಿ ಎಷ್ಟೊತ್ತಿಗಿ ಬಾಗಿಲ ತಗೀತೀರಿ?”

“ರಂಗೋಲಿ ಹಾಕಿದ್ ಮೇಲೆ.”

“ನಡೀತದ್ರಿ.”

ಹಂಸ ಇಬ್ಬರನ್ನೂ ಒಮ್ಮೆ ನೋಡಿ, ಗುಂಪಿನಿಂದ ಆ ಸಂದೇಶವನ್ನು ಅಳಿಸಿದಳು. ಅದರ ಜಾಗಕ್ಕೆ ಏನು ಬರೆಯಲಿ ಮಿಸ್ ಎಂದು ಕೇಳಿದಳು. ಮೋರಿ ನಾಳೆ ತೆಗೆಸುತ್ತೇವೆ ಎಂದು ಬರೆ, ಕನ್ನಡದಲ್ಲಿ ಬರೆ ಎಂದೆ. ಬರೆದಳು. ಸೌಂದರ್ಯಾ ಕಂಬಿಯ ಬಳಿಯಿಂದ ಕದಲದೆಯೇ ಕೇಳಿಸಿಕೊಂಡಳು. ಕೆಳಗೆ ಇಳಿಯುವಾಗ ತಾಯಿಯೊಡನೆ ಮಾತಾಡಲಿಲ್ಲ. ಅವಳ ಸಿಟ್ಟು ಇಳಿಯಲು ಇನ್ನೂ ಎರಡು ದಿನ ಹಿಡಿಯಿತೆಂದು ಆಮೇಲೆ ಕೇಳಿದೆ. ಅವಳು ಬೆಂಗಳೂರಿನಲ್ಲಿ ಹುಟ್ಟಿದವಳು, ಹೆಪ್ಪಿನ ಕ್ರಮ ಅವಳಿಗೆ ಬಾರದು.

ಸಂಕ್ರಾಂತಿ ಕಳೆದ ವಾರ ಮತ್ತೆ ಒಂದು ಬೆಳಿಗ್ಗೆ ಜಗಳ ಕೇಳಿಸಿತು. ಈ ಸಲ ಸಂಪಿನ ಮೋಟಾರಿನದು. ಕೆಟ್ಟುಹೋಗಿ ಮೂರು ದಿನವಾದರೂ ಯಾರೂ ತಿರುಗಿ ನೋಡಿಲ್ಲವೆಂದು ಸುಭದ್ರಮ್ಮ, ಮೆಕ್ಯಾನಿಕ್ಕನ್ನು ನಾನೇನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಿದ್ದೇನೆಯೇ ಎಂದು ಚಿಕ್ಕಮುನಿಯಮ್ಮ. ಚೆನ್ನಾಗಿಯೇ ನಡೆಯಿತು. ಕೆಲಸದ ಹೊತ್ತಾದದ್ದರಿಂದ ಅರ್ಧಕ್ಕೆ ನಿಂತಿತು.

ಮರುದಿನ ಹಾಲು ತರಲು ಹೋಗುವಾಗ ನೋಡಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಸುಭದ್ರಮ್ಮ ನೀಲಿ ಸಮವಸ್ತ್ರದಲ್ಲಿ ಮಹಡಿಯ ಕೊನೆಯ ಮೆಟ್ಟಿಲ ಮೇಲೆ ಬಟ್ಟಲು ಹಿಡಿದು ಕುಳಿತಿದ್ದಳು. ಕಣ್ಣುಗಳು ಕೆಂಪಗಿದ್ದವು, ರಾತ್ರಿ ನಿದ್ದೆ ಬಂದಿರಲಿಲ್ಲವೆಂಬುದು ಸ್ಪಷ್ಟವಾಗಿತ್ತು. ಚಿಕ್ಕಮುನಿಯಮ್ಮ ಗೇಟಿನ ಮುಂದೆ ಬಗ್ಗಿ ರಂಗೋಲಿ ಇಡುತ್ತಿದ್ದರು. ದಿನವೂ ನಾಲ್ಕು ಎಳೆಯಲ್ಲಿ ಮುಗಿಸುವವರು ಅಂದು ಹಬ್ಬದ ರಂಗೋಲಿಯಷ್ಟು ದೊಡ್ಡದನ್ನು ನಿಧಾನವಾಗಿ ಎಳೆಯುತ್ತಿದ್ದರು. ಮೆಟ್ಟಿಲ ಕಡೆ ನೋಡಲೂ ಇಲ್ಲ.

“ಅಮ್ಮಾರ, ನನಗ ಬಸ್ ಹೋಗ್ತದ.”

“ಹೋಗ್ಲಿ. ಇನ್ನೊಂದ್ ಬತ್ತದೆ.”

ಕೊನೆಗೆ ಸೊಂಟ ಹಿಡಿದುಕೊಂಡು ಎದ್ದು ಮೇಲೆ ಹೋದರು. ಒಂದು ಚಮಚ ಮೊಸರು ಬಟ್ಟಲಿಗೆ ಬಿತ್ತು. ಸುಭದ್ರಮ್ಮ ಅದನ್ನು ಕೋಣೆಯೊಳಗೆ ಇಟ್ಟು, ಚಪ್ಪಲಿ ಮೆಟ್ಟಿ, ಗೇಟು ದಾಟಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

“ಹೆಪ್ಪ ಕೊಟ್ಟೀನಂತ ಮೋಟಾರು ಮರೀಬ್ಯಾಡ್ರಿ ಅಮ್ಮಾರ! ಸಂಜಿಗಿ ಬಂದು ನೋಡ್ತೀನಿ!”

“ಹೋಗೇ, ಹೋಗೇ! ಬಸ್ ಹೋಗ್ತದೆ ಅಂತಿದ್ಯಲ್ಲ! ಮೆಕ್ಯಾನಿಕ್ ಹತ್ ಗಂಟೆಗೆ ಬತ್ತಾನೆ!”

ಮೂರನೆಯ ಕೋಣೆಯ ಕಿಟಕಿಯಲ್ಲಿ ಸೌಂದರ್ಯಾಳ ಕೈ ಕಾಣಿಸಿತು. ಅವಳು ಸದ್ದು ಒಳಗೆ ಬಾರದಂತೆ ಕಿಟಕಿಯ ಬಾಗಿಲನ್ನು ಎಳೆದುಕೊಂಡು, ಮತ್ತೆ ಗಟ್ಟಿಯಾಗಿ ಗಣಿತದ ಸೂತ್ರ ಓದತೊಡಗಿದಳು.